ಎದುರು ದಡದ ಸಂಘ

“ಗುರುಗಳೇ, ಎಂಟು ವರ್ಷ ಬೇರೊಬ್ಬರ ಬಳಿ ಓದಿ ನಿಮ್ಮಲ್ಲಿಗೆ ಬಂದೆ. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆದರೂ ಮನಸ್ಸು ಅಲ್ಲಿಗೇ ಹೋಗುತ್ತದೆ. ಇದು ನಿಮಗೆ ಮಾಡಿದ ದ್ರೋಹವಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಊರುಗಳಿದ್ದವು. ಎರಡರಲ್ಲೂ ಚದುರಂಗದ ಸಂಘಗಳಿದ್ದವು. ವರ್ಷಕ್ಕೊಮ್ಮೆ ಒಂದೊಂದು ಕಡೆಯಿಂದ ಐವರಂತೆ ಕೂತು ಪಂದ್ಯ ಆಡುತ್ತಿದ್ದರು.

ತೆಂಕಣ ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಆಟ ಕಲಿಸಿದವನು ಅಲ್ಲಿನ ಸಂಘದ ಹಿರಿಯ, ಒಬ್ಬ ಕಂಚುಗಾರ. ಇಪ್ಪತ್ತು ವರ್ಷ ಇಬ್ಬರೂ ದಿನವೂ ಸಂಜೆ ಒಂದೇ ಮಣೆಯ ಮುಂದೆ ಕೂತರು. ಆಮೇಲೆ ಮಾವ ತೀರಿಕೊಂಡು, ಅವರ ಅಂಗಡಿ ನೋಡುವವರಿಲ್ಲದೆ ದರ್ಜಿ ಬಡಗಣ ಊರಿಗೆ ಹೋಗಬೇಕಾಯಿತು. ಆ ಊರಿನ ಸಂಘದವರು ಅವನನ್ನು ಕರೆದು ಮೊದಲ ಮಣೆಯಲ್ಲಿ ಕೂರಿಸಿದರು. ಅವರು ಗೆದ್ದು ಹನ್ನೊಂದು ವರ್ಷವಾಗಿತ್ತು.

ಆ ವರ್ಷದ ಪಂದ್ಯ ಎಂದಿನಂತೆ ಬಡಗಣ ಊರಿನಲ್ಲಿ ನಡೆಯಿತು. ನಾಲ್ಕು ಮಣೆಗಳ ಆಟ ಮುಗಿದಾಗ ಎರಡು ಆ ಊರಿಗೆ, ಎರಡು ಈ ಊರಿಗೆ. ಉಳಿದದ್ದು ಒಂದೇ ಮಣೆ. ಒಂದು ಕಡೆ ಕಂಚುಗಾರ, ಇನ್ನೊಂದು ಕಡೆ ದರ್ಜಿ.

ಕಾವಲಿಲ್ಲದ ಕಾಲಾಳನ್ನು ಕಂಡರೆ ಕಂಚುಗಾರ ಬಿಡುವವನಲ್ಲ. ರಾಜನನ್ನು ಕಾಯುವ ಆನೆಯನ್ನೇ ಕಳುಹಿಸಿಯಾದರೂ ಅದನ್ನು ಹೊಡೆಯುತ್ತಿದ್ದ. ಇಪ್ಪತ್ತು ವರ್ಷ ಜೊತೆಗಿದ್ದ ದರ್ಜಿಗೆ ಇದು ಗೊತ್ತಿತ್ತು. ಬಡಗಣ ಊರಿನ ಬೇರೆ ಯಾರಿಗೂ ಗೊತ್ತಿರಲಿಲ್ಲ. ದರ್ಜಿ ಒಂದು ಕಾಲಾಳಿನ ಮೇಲೆ ಬೆರಳಿಟ್ಟ. ಕೈ ಮುಂದೆ ಹೋಗಲಿಲ್ಲ.

“ಏನು ಯೋಚನೆ?” ಎಂದ ಕಂಚುಗಾರ. “ನಮ್ಮಲ್ಲಿದ್ದಾಗ ನಿನ್ನ ಕೈ ಹೀಗೆ ತಡೆಯುತ್ತಿರಲಿಲ್ಲ.”

“ಆಗ ನಿಮ್ಮ ಜೊತೆ ಆಡುತ್ತಿದ್ದೆ, ಅಣ್ಣಾ. ಈಗ ನಿಮ್ಮ ಮೇಲೆ ಆಡಬೇಕು.”

“ನಾನು ಕೂತಿರುವುದು ಅಂದಿನಂತೆ ನಿನ್ನ ಎದುರಿಗೇ ಅಲ್ಲವೇನೋ? ಕಂಡ ನಡೆಯನ್ನು ಆಡು.”

ದರ್ಜಿ ಕಾಲಾಳನ್ನು ಮುಂದಿಟ್ಟ. ಆನೆ ಬಂದು ಅದನ್ನು ಹೊಡೆಯಿತು. ಮತ್ತೆರಡು ನಡೆಗಳಲ್ಲಿ ರಾಜನಿಗೆ ದಾರಿ ಉಳಿಯಲಿಲ್ಲ.

ಬಡಗಣ ಊರಿನವರು ದರ್ಜಿಯನ್ನು ಎತ್ತಿ ಕುಣಿದರು. ಅವನ ಕಣ್ಣು ಮಾತ್ರ ಮೂಲೆಯ ಕಡೆಗಿತ್ತು. ಅಲ್ಲಿ ಹಳೆಯ ಗೆಳೆಯರು ಕಾಯಿಗಳನ್ನು ಚೀಲಕ್ಕೆ ತುಂಬುತ್ತಾ ಸೋತವನೊಬ್ಬನನ್ನು ರೇಗಿಸುತ್ತಿದ್ದರು. ಯಾರೋ “ಮತ್ತೆ ಹುಣಿಸೆಹಣ್ಣು!” ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದರ್ಜಿಯೂ ನಕ್ಕ. ಆದರೆ ಅವನಿಗೆ ಅರ್ಥವಾಗಲಿಲ್ಲ. ಅದು ಅವನು ಆ ಊರು ಬಿಟ್ಟು ಬಂದ ಮೇಲೆ ಹುಟ್ಟಿದ ತಮಾಷೆ.

ಅವನು ಕೆಳಗಿಳಿದು, ಕಂಚುಗಾರನ ಕೈಯಿಂದ ಚೀಲ ತೆಗೆದುಕೊಂಡು ಹೊಳೆಯವರೆಗೂ ಹೊತ್ತು ನಡೆದ. ಒಬ್ಬೊಬ್ಬರಾಗಿ ದೋಣಿ ಹತ್ತಿದರು. ಚೀಲ ಕೊಡಲು ಹೋದ ದರ್ಜಿಯ ಒಂದು ಕಾಲು ದೋಣಿಯೊಳಗೆ ಇತ್ತು.

“ನೀವೂ ಬರುತ್ತೀರಾ?” ಎಂದು ಅಂಬಿಗ ಕೇಳಿದ.

“ಇಲ್ಲ” ಎಂದು ದರ್ಜಿ ಕಾಲು ತೆಗೆದ.

ದೋಣಿ ಆ ದಡ ಮುಟ್ಟಿ, ಕೊನೆಯವನು ಏರು ಹತ್ತಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದ. ಹಿಂದಿರುಗಿದಾಗ ಸಂಘದಲ್ಲಿ ಯಾರೂ ಊಟಕ್ಕೆ ಕೂತಿರಲಿಲ್ಲ, ಅವನಿಗಾಗಿ ಕಾದಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಮುಂದೆ ಪ್ರತಿವರ್ಷವೂ ಅವನು ಬಡಗಣ ಊರಿಗಾಗಿಯೇ ಆಡಿದ. ಪ್ರತಿವರ್ಷವೂ ಪಂದ್ಯ ಮುಗಿದ ಮೇಲೆ ದೋಣಿಯವರೆಗೆ ಹೋಗಿಬಂದ.

ಗುರುಗಳು ಕಥೆ ಮುಗಿಸಿದರು. ಶಿಷ್ಯನ ಮುಖ ಹಗುರಾಯಿತು. “ಹಾಗಾದರೆ ಇದು ದ್ರೋಹವಲ್ಲ” ಎಂದ.

“ನೀನು ಇಲ್ಲಿಗೆ ಬಂದು ಎರಡು ವರ್ಷವಾಯಿತು, ನಿನ್ನ ಹಳೆಯ ಗುರುಗಳಿಗೆ ಒಂದಾದರೂ ಕಾಗದ ಬರೆದೆಯಾ?” ಎಂದರು ಗುರುಗಳು.

ಶಿಷ್ಯ ಎದ್ದು ಕಾಗದ, ಲೇಖನಿ ತರಲು ಹೋದ.