ನಲ್ಲಿಯ ಬೆಳ್ಳಿ ಗಡ್ಡ

ಪಟ್ಟಣದ ಗಾಣದ ಬೀದಿಯ ಮೂಲೆಯಲ್ಲಿ ಒಂದು ಹಿತ್ತಾಳೆ ನಲ್ಲಿ ಇತ್ತು ನೋಡಿ, ಅದರ ಬಡಾಯಿ ಮೂರು ಬೀದಿಗೆ ಕೇಳಿಸುತ್ತಿತ್ತು. ಹನ್ನೆರಡು ವರ್ಷ ಬೋರ್‌ವೆಲ್ಲಿನ ಗಡಸು ನೀರು ಉಗುಳಿ ಉಗುಳಿ ಅದರ ಬಾಯಿಗೆ ಬಿಳಿ ಸುಣ್ಣ ಕಟ್ಟಿತ್ತು. ಅದನ್ನೇ ಅದು ಬೆಳ್ಳಿ ಗಡ್ಡ ಅನ್ನುತ್ತಿತ್ತು.

ಪುಟ್ಟತಾಯಜ್ಜಿ ಅಲ್ಲೇ ಕೂತು ತನ್ನ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಳು. ಉಳಿದ ಹುಳಿಯನ್ನು ನಲ್ಲಿಗೂ ಹಚ್ಚಲು ಹೋದರೆ, ಅದು ಅವಳ ಸೆರಗಿಗೆಲ್ಲ ನೀರು ಚಿಮ್ಮಿಸಿ ಓಡಿಸುತ್ತಿತ್ತು.

“ತಿಕ್ಕಿಸ್ಕೋ ನಲ್ಲಿಯಣ್ಣ,” ಅಂದಿತು ಬಿಂದಿಗೆ. “ಉರಿಯುತ್ತೆ ನಿಜ. ಆದ್ರೆ ನಿನ್ನ ಧಾರೆ ದಾರದಷ್ಟಾಗಿದೆ. ಅದು ಗಡ್ಡ ಅಲ್ಲ, ಸುಣ್ಣ.”

“ಹೋಗೆ, ಬೋಳುಮೂತಿಯವಳೇ. ಈ ಗಡ್ಡ ನೋಡಿ ಮೊನ್ನೆ ಮೋಡಾನೇ ಕೆಳಗಿಳಿದು ನಮಸ್ಕಾರ ಹಾಕ್ತು. ಊರಿಗೆ ಹೊಳೆ ನೀರಿನ ಪೈಪು ಬರ್ಲಿ, ಅಜ್ಜಿಗೆ ಮೊದಲ ಬಿಂದಿಗೆ ನಾನೇ ತುಂಬಿಸ್ತೀನಿ.”

ಅಜ್ಜಿಗಿದ್ದದ್ದೂ ಅದೊಂದೇ ಆಸೆ. ಗಡಸು ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಅವಳ ಬಾಯಲ್ಲಿ ಹಲ್ಲಿರಲಿಲ್ಲ.

ಹೊಸ ಪೈಪು ಜೋಡಿಸಲು ಒಂದು ತಿಂಗಳು ನೀರು ನಿಲ್ಲಿಸಿದರು. ಗಡ್ಡ ಒಣಗಿ ಕಲ್ಲಾಯಿತು. ಆಮೇಲೊಂದು ಬೆಳಿಗ್ಗೆ ಹೊಳೆ ನೀರು ಬಂದು ನಲ್ಲಿಯ ಗಂಟಲಲ್ಲಿ ನಿಂತಿತು. ನಲ್ಲಿ ಇದ್ದ ಬಲವೆಲ್ಲ ಹಾಕಿ ತಿಣುಕಿತು.

“ಬಾಯಿ ಬಿಡು ಅಣ್ಣ, ಅಜ್ಜಿ ಕಾಯ್ತಾ ಇದಾಳೆ,” ಅಂದಿತು ಬಿಂದಿಗೆ.

ನಲ್ಲಿ ಮತ್ತೆ ತಿಣುಕಿತು, ಕಲ್ಲಾದ ಗಡ್ಡ ಬಾಯಿ ಬಿಡಗೊಡಲಿಲ್ಲ.

ಬಿಸಿಲೇರುವ ತನಕ ಕಾದು, ಅಜ್ಜಿ ಖಾಲಿ ಬಿಂದಿಗೆ ಎತ್ತಿಕೊಂಡು ಮನೆಗೆ ಹೋದಳು. ಅವಳು ಮರೆಯಾದ ಮೇಲೆ ಗಡ್ಡದ ಸಂದಿಯಿಂದ ಒಂದೇ ಒಂದು ಹನಿ ಜಾರಿತು. ಸಕ್ಕರೆಯಂಥ ನೀರು. ಅದನ್ನು ನೆಲ ಕುಡಿಯಿತು.