ಮೂರು ಮಡಿಕೆಗೆ ಎಷ್ಟು ಎಲೆ

"ಅಮ್ಮಾ, ಮಗು ತಪ್ಪು ಹೇಳಿದ ಕೂಡಲೇ ತಿದ್ದದವಳು ಗುರುವೇ?" ಎಂದು ಮಂದಾಕಿನಿ ಕೇಳಿದಳು. "ತಪಾಸಣೆಗೆ ಬಂದವರು ಎಲ್ಲರೆದುರು ನನ್ನನ್ನು ಹಾಗೆ ಕೇಳಿದರು. ನಾನು ಏನು ಹೇಳಬೇಕಿತ್ತು?"

ನೀಲಮ್ಮನವರು ನಲವತ್ತು ವರ್ಷ ಚಿಕ್ಕ ಮಕ್ಕಳಿಗೆ ಕಲಿಸಿದವರು. ಈಗ ಕಲಿಸುವವರಿಗೆ ಕಲಿಸುತ್ತಿದ್ದರು. ಮಂದಾಕಿನಿ ಎರಡು ವರ್ಷದಿಂದ ಅವರ ಶಿಷ್ಯೆ. ಅವರು ಅವಳನ್ನು ಸಮಾಧಾನಪಡಿಸಲು ಹೋಗಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಅವಳ ಶಿಶುವಿಹಾರದಲ್ಲಿ ಇಪ್ಪತ್ತು ಮಕ್ಕಳು. ಪ್ರತಿ ಹಬ್ಬಕ್ಕೂ ಅವರು ಕಾಗದದಲ್ಲಿ ಏನಾದರೂ ಮಾಡುತ್ತಿದ್ದರು. ದೀಪಾವಳಿಗೆ ಆಕಾಶಬುಟ್ಟಿ. ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ. ಯುಗಾದಿಗೆ ಹಸಿರು ಕಾಗದದ ಮಾವಿನೆಲೆ ತೋರಣ. ನೋಡುವವರಿಗೆ ಅದು ಆಟ. ಶಿಕ್ಷಕಿಗೆ ಅದು ಗಣಿತ.

ಅವಳದೊಂದು ಕ್ರಮವಿತ್ತು. ಮಗು ಮೊದಲು ಕಾಗದದ ಪಟ್ಟಿಯನ್ನು ಮಡಿಸಬೇಕು. ಅದರಿಂದ ಎಷ್ಟು ಎಲೆಯಾಗುತ್ತದೆ ಎಂದು ಬಿಚ್ಚುವ ಮೊದಲೇ ಹೇಳಬೇಕು. ಆಮೇಲೆ ಬಿಚ್ಚಿ, ಮಡಿಕೆಯ ಗೆರೆಗಳ ನಡುವಿನ ಮನೆಗಳನ್ನು ಎಣಿಸಬೇಕು. ಎಣಿಸಿದ ಮೇಲೆಯೇ ಕತ್ತರಿ. ಇದನ್ನೆಲ್ಲ ಅವಳು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ಮಗು ಹೇಳಿದ್ದು, ಬಲಕ್ಕೆ ಬಿಚ್ಚಿದಾಗ ಕಂಡದ್ದು. ಎಡಗಡೆ ಬರೆದದ್ದನ್ನು ಅವಳು ಎಂದೂ ಹೊಡೆದುಹಾಕುತ್ತಿರಲಿಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ ಒಬ್ಬ ಅಧಿಕಾರಿ ಬಂದ. ಯಾವ ಮಕ್ಕಳು ಜೂನ್‌ನಲ್ಲಿ ಒಂದನೇ ತರಗತಿಗೆ ಹೋಗಬಹುದು, ಯಾರು ಇನ್ನೂ ಒಂದು ವರ್ಷ ನಿಲ್ಲಬೇಕು ಎಂದು ಅವನು ಅಂದೇ ಪಟ್ಟಿ ಮಾಡಬೇಕಿತ್ತು. ಅವನ ಕೈಯಲ್ಲಿ ಪ್ರಶ್ನೆ ಮತ್ತು ಉತ್ತರಗಳ ಹಾಳೆ ಇತ್ತು. ಮಕ್ಕಳ ಮುಂದೆ ಹಸಿರು ಕಾಗದ ಕಂಡು ಅವನು ಆ ಹಾಳೆಯಿಂದಲೇ ಒಂದು ಪ್ರಶ್ನೆ ಆರಿಸಿದ.

"ಎಲ್ಲರೂ ಮೂರು ಸಲ ಮಡಿಸಿ. ಬಿಚ್ಚಬೇಡಿ. ಎಷ್ಟು ಎಲೆ?"

ಹಿಂದಿನ ದಿನವಷ್ಟೇ ಮಕ್ಕಳು ಅದನ್ನು ಮಾಡಿ ನೋಡಿದ್ದರು. ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ. ಹತ್ತೊಂಬತ್ತು ಮಕ್ಕಳು ಎಂಟು ಎಂದರು. ಒಬ್ಬಳು ನಾಕು ಎಂದಳು. ಅವಳು ಹಿಂದಿನ ದಿನ ಜ್ವರದಿಂದ ಬಂದಿರಲಿಲ್ಲ.

"ಯಾರ ಮಗಳು ಇವಳು?" ಎಂದು ಅಧಿಕಾರಿ ಕೇಳಿದ.

"ಬೀದಿ ಮೂಲೆಯಲ್ಲಿ ಇಸ್ತ್ರಿ ಗಾಡಿಯವಳು ಇದ್ದಾಳಲ್ಲ ಸರ್, ಅವಳ ಮಗಳು" ಎಂದಳು ಆಯಾ.

"ಅಂದುಕೊಂಡೆ" ಎಂದು ಅವನು ಒಂದನೇ ತರಗತಿಯ ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿದ. ಆಮೇಲೆ ಶಿಕ್ಷಕಿಯ ಕಡೆ ತಿರುಗಿದ. "ಏನಮ್ಮಾ, ಕೇಳಿಸಲಿಲ್ಲವೇ? ಎಂಟು ಅಂತ ಹೇಳಿಕೊಡಿ ಅವಳಿಗೆ. ಪುಸ್ತಕದಲ್ಲೂ ತಿದ್ದಿ."

ಶಿಕ್ಷಕಿ ಪುಸ್ತಕ ತೆರೆದಳು. ಎಡಗಡೆ ನಾಲ್ಕು ಎಂದು ಬರೆದಳು.

"ಎಂಟು" ಎಂದ ಅಧಿಕಾರಿ.

"ಅವಳು ಹೇಳಿದ್ದು ನಾಲ್ಕು. ನಾನು ಬರೆದದ್ದೂ ನಾಲ್ಕು."

"ತಪ್ಪನ್ನು ತಿದ್ದುವುದಿಲ್ಲ ಎನ್ನುತ್ತೀರಾ?"

"ಅವಳು ಇನ್ನೂ ಬಿಚ್ಚಿಲ್ಲ ಸರ್. ಅದಕ್ಕೆ ಮುಂಚೆ ನಾನು ಬಾಯಿ ಹಾಕುವುದಿಲ್ಲ."

"ಇದನ್ನು ನಿಮ್ಮ ವರದಿಯಲ್ಲಿ ಬರೆಯುತ್ತೇನೆ."

"ಬರೆಯಿರಿ. ಪೆನ್ನು ಬೇಕಿದ್ದರೆ ಕೊಡುತ್ತೇನೆ."

ಹುಡುಗಿ ಮಡಿಸಿದ ಕಾಗದವಿದ್ದ ಮುಷ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಶಿಕ್ಷಕಿ ಅವಳ ಹತ್ತಿರ ಹೋಗಿ ನೆಲದ ಮೇಲೆ ಕುಳಿತಳು. ಬಿಚ್ಚು ಎಂದಳು. ಹುಡುಗಿ ಬಿಚ್ಚಿದಳು. ಒಂದೊಂದು ಮನೆಯ ಮೇಲೂ ಬೆರಳಿಟ್ಟು ಎಣಿಸಿದಳು. ಮನೆಗಳು ನಾಲ್ಕೇ ಇದ್ದವು.

"ಮೂರು ಸಲ ಮಡಿಸಿಲ್ಲ ಇವಳು" ಎಂದ ಅಧಿಕಾರಿ.

"ಮಡಿಕೆ ಎಣಿಸು ಕಂದಾ" ಎಂದಳು ಶಿಕ್ಷಕಿ.

ಹುಡುಗಿ ಗೆರೆಗಳನ್ನು ಎಣಿಸಿದಳು. ಒಂದು, ಎರಡು, ಮೂರು. ಆಮೇಲೆ ಕಾಗದವನ್ನು ಮತ್ತೆ ಮಡಿಸಿ ತೋರಿಸಿದಳು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಮತ್ತೊಮ್ಮೆ ಈ ಕಡೆ.

"ನಮ್ಮಮ್ಮ ಹೀಗೇ ಮಡಿಸೋದು. ಮದುವೆಗೆ ಹೋಗೋರು ಸೀರೆ ಕೊಡ್ತಾರಲ್ಲ, ಅದಕ್ಕೆ. ನೆರಿಗೆ."

ಅರ್ಧಕ್ಕೆ ಅರ್ಧ ಮಡಿಸಿದರೆ ಪ್ರತಿ ಸಲವೂ ಇದ್ದದ್ದು ಎರಡರಷ್ಟಾಗುತ್ತದೆ. ನೆರಿಗೆ ಹಿಡಿದರೆ ಪ್ರತಿ ಸಲವೂ ಒಂದೊಂದೇ ಹೆಚ್ಚುತ್ತದೆ. ಮಡಿಸು ಎಂದರೆ ಇಸ್ತ್ರಿಯವಳ ಮಗಳಿಗೆ ಮೊದಲು ನೆನಪಾದದ್ದು ನೆರಿಗೆ.

"ನನ್ನ ಹಾಳೆಯಲ್ಲಿ ಎಂಟು ಎಂದಿದೆ" ಎಂದ ಅಧಿಕಾರಿ.

"ನಿಮ್ಮ ಹಾಳೆಯನ್ನು ಯಾರೋ ಮಡಿಸಿ ಕೊಟ್ಟಿದ್ದಾರೆ ಸರ್. ಇವಳು ತನ್ನದನ್ನು ತಾನೇ ಮಡಿಸಿದ್ದಾಳೆ."

ಅಧಿಕಾರಿ ಪಟ್ಟಿಯನ್ನು ಮುಂದೆ ತಳ್ಳಿದ. ಹೊಡೆದ ಹೆಸರು ಹೊಡೆದ ಹಾಗೆಯೇ ಇತ್ತು. ಪಟ್ಟಿಗೆ ಇಬ್ಬರ ಸಹಿಯೂ ಬೇಕಿತ್ತು. ಶಿಕ್ಷಕಿ ಅದನ್ನು ಓದಿ, ಸಹಿ ಮಾಡದೆ ವಾಪಸು ಕೊಟ್ಟಳು.

"ಇದು ಇಂದೇ ಹೋಗಬೇಕು" ಎಂದ ಅವನು.

"ಹೋಗಲಿ. ಆ ಹೆಸರೂ ಸೇರಿ ಪೂರ್ತಿ ಹೋಗಲಿ."

ಅವನು ಕುಳಿತ. ಅವಳೂ ಕುಳಿತಳು. ಮಕ್ಕಳು ಎಲೆಗಳನ್ನು ಕತ್ತರಿಸಿದರು, ದಾರಕ್ಕೆ ಅಂಟಿಸಿದರು, ಊಟ ಮಾಡಿದರು, ಮನೆಗೆ ಹೋದರು. ಆಯಾ ಎರಡು ಸಲ ಚಹಾ ತಂದಳು. ಮೂರನೆಯ ಸಲ ತರಲಿಲ್ಲ. ಕಚೇರಿ ಮುಚ್ಚುವ ಹೊತ್ತು ಹತ್ತಿರವಾದಾಗ ಅಧಿಕಾರಿ ಹೊಡೆದ ಹೆಸರನ್ನು ಪಟ್ಟಿಯ ಕೊನೆಯಲ್ಲಿ ಮತ್ತೆ ಬರೆದ. ಶಿಕ್ಷಕಿ ಸಹಿ ಮಾಡಿದಳು. ಅವನು ಬೇರೊಂದು ಕಾಗದ ತೆಗೆದು ಅವಳ ಮೇಲಿನ ವರದಿಯನ್ನು ಅವಳೆದುರಿಗೇ ಬರೆದ. ಅವಳು ತಡೆಯಲಿಲ್ಲ.

ಜೂನ್‌ನಲ್ಲಿ ಹುಡುಗಿ ಒಂದನೇ ತರಗತಿಗೆ ಹೋದಳು. ಶಿಕ್ಷಕಿಯನ್ನು ಆ ಶಿಶುವಿಹಾರದಿಂದ ತೆಗೆದರು. ಅವಳು ಬರೆದಿಟ್ಟ ಪುಸ್ತಕವನ್ನು ಒಪ್ಪಿಸಲು ಹೇಳಿದರು. ಅದು ಮಕ್ಕಳದು, ಕೊಡಲಾರೆ ಎಂದಳು.

ನೀಲಮ್ಮನವರು ಇಲ್ಲಿಗೆ ಕತೆ ನಿಲ್ಲಿಸಿದರು.

ಮಂದಾಕಿನಿ ಯೋಚಿಸಿದಳು. ಅವಳ ಮುಖ ಗೆಲುವಾಯಿತು.

"ಹಾಗಾದರೆ, ಅಮ್ಮಾ, ಮಗು ನೆರಿಗೆ ಹಿಡಿದದ್ದನ್ನು ಆ ಶಿಕ್ಷಕಿ ಮೊದಲೇ ನೋಡಿದ್ದಳು. ಮಗು ಹೇಳಿದ್ದು ಸರಿ ಎಂಬ ಧೈರ್ಯದಿಂದ ನಿಂತಳು."

"ಇಲ್ಲ" ಎಂದರು ನೀಲಮ್ಮನವರು. "ಅವಳು ಕೋಣೆಯ ಇನ್ನೊಂದು ತುದಿಯಲ್ಲಿದ್ದಳು. ಅವಳಿಗೆ ಕಂಡದ್ದು ಮುಚ್ಚಿದ ಮುಷ್ಟಿ ಮಾತ್ರ. ಬಿಚ್ಚು ಎನ್ನುವವರೆಗೂ ಅವಳ ಮನಸ್ಸಿನಲ್ಲಿದ್ದದ್ದೂ ಎಂಟೇ."

ಮಂದಾಕಿನಿಗೆ ಗಾಬರಿಯಾಯಿತು.

"ತಪ್ಪೆಂದು ತಿಳಿದೂ ಕೆಲಸವನ್ನು ಪಣಕ್ಕಿಟ್ಟಳೇ? ಮಗು ಹೇಳಿದ್ದು ನಿಜವಾಗಿಯೂ ತಪ್ಪಾಗಿದ್ದರೆ?"

"ಆಗ ಅದನ್ನು ಕಾಗದವೇ ಹೇಳುತ್ತಿತ್ತು" ಎಂದರು ನೀಲಮ್ಮನವರು.