ಕಾಲಿಗೆ ಮಣ್ಣಾಗದ ಸುದ್ದಿ

ಆಲದ ಮರದ ಹಕ್ಕಿಗಳಿಗೆ ಹೊಲಗಳ ಸುದ್ದಿ ತರುವ ಕೆಲಸ ಮೊದಲಿನಿಂದಲೂ ಗೊರವಂಕಗಳದು. ಈಗ ಮರಿಗಳಿಗೆ ಅದನ್ನು ಕಲಿಸುವ ಮುದಿ ಗೊರವಂಕಕ್ಕೆ ತನ್ನ ಗುರು, ಹೊಲದಲ್ಲಿ ನಡೆದೇ ಬದುಕುತ್ತಿದ್ದ ಬೆಳ್ಳಕ್ಕಿಯ ನೆನಪು ದಿನವೂ ಬರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ದಿನ ಗೊರವಂಕ ಪುಟ್ಟನಿಂಗಮ್ಮನ ಅರ್ಧ ಎಕರೆ ಹೊಲದ ಮೇಲೆ ಒಂದು ಸುತ್ತು ಹಾರಿ ಬಂದು ವರದಿ ಒಪ್ಪಿಸಿತ್ತು: "ರಾಗಿ ತೆಳುವಾಗಿದೆ, ನಡುನಡುವೆ ಕಳೆ ಎದ್ದಿದೆ. ಆ ಹೊಲ ಕೆಟ್ಟಿತು." ಅದನ್ನು ನಂಬಿ ಗುಬ್ಬಚ್ಚಿಗಳು ಗೂಡು ಬಿಟ್ಟು ಕಾಲುವೆಯಾಚೆಗೆ ಹೊರಟುನಿಂತವು.

"ಸ್ವಲ್ಪ ತಡೆಯಿರಿ" ಎಂದ ಬೆಳ್ಳಕ್ಕಿ, ಶಿಷ್ಯನ ಕಡೆ ತಿರುಗಿ, "ನಾನು ನಡೆಯುತ್ತೇನೆ, ಹಿಂದೆ ಬಾ" ಎಂದಿತು.

ನೆಲದ ಮೇಲೆ ನಡೆದಾಗ, ತಾನು ಕಳೆ ಎಂದದ್ದೆಲ್ಲ ಬೇಕೆಂದೇ ಬಿತ್ತಿದ ಅಕ್ಕಡಿ ಸಾಲುಗಳೆಂದು ಗೊರವಂಕಕ್ಕೆ ತಿಳಿಯಿತು. ಆರು ಸಾಲು ರಾಗಿಗೆ ಒಂದು ಸಾಲು ಅವರೆ, ಅದರಾಚೆ ತೊಗರಿ, ಹುಚ್ಚೆಳ್ಳು. ಬುಡದಲ್ಲಿ ಎರೆಹುಳು ಕಂಡಿತು. ಗೊರವಂಕ ಕೊಕ್ಕು ಚಾಚಿತು.

"ಅದನ್ನು ತಿನ್ನಬೇಡ, ಕೇಳು" ಎಂದಿತು ಬೆಳ್ಳಕ್ಕಿ.

ಎರೆಹುಳು ಹೇಳಿತು: "ಅವರೆಯ ಎಲೆ ಉದುರಿ ನಮಗೆ ಊಟ, ನಾವು ಉತ್ತ ಮಣ್ಣು ರಾಗಿಗೆ ಊಟ. ರಾಗಿ ಕೈಕೊಟ್ಟ ವರ್ಷವೂ ಇಲ್ಲಿ ಯಾರೂ ಹಸಿದಿಲ್ಲ. ಇದನ್ನು ಕೇಳಲು ಇಷ್ಟು ದಿನ ಯಾರೂ ಕೆಳಗಿಳಿದಿರಲಿಲ್ಲ."

ಗೊರವಂಕ ತಂದ ಈ ಸುದ್ದಿ ಕೇಳಿ ಗುಬ್ಬಚ್ಚಿಗಳು ಉಳಿದವು.

ಇವತ್ತು ಒಂದು ಮರಿ ಹಾರಿ ಬಂದು, "ಆ ಹೊಲದಲ್ಲಿ ಬರೀ ಕಳೆ" ಎಂದಿತು. ಮುದಿ ಗೊರವಂಕ ಅದರ ಕಾಲು ನೋಡಿತು. ಒಂದು ಚೂರೂ ಮಣ್ಣಿರಲಿಲ್ಲ. ಬೈಯಲು ಬಾಯಿ ತೆರೆದದ್ದು, ಏನೋ ನೆನಪಾಗಿ ಕೊಂಬೆಯಿಂದ ಕೆಳಗಿಳಿಯಿತು.

"ನಾನು ನಡೆಯುತ್ತೇನೆ, ಹಿಂದೆ ಬಾ" ಎಂದಿತು.